ಬಾಳೆಹಣ್ಣಿನ ಲಸಿಕೆ ಬರುವ ತನಕ

ನಮ್ಮ ಮಾವನವರು ದಾವಣಗೆರೆಯಲ್ಲಿ ಬಾಳೆಕಾಯಿ ಮಂಡಿ ನಡೆಸುತ್ತಿದ್ದರು. ಕಣ್ಣಿಗೆ ಪೊರೆ ಬಂದಿದ್ದರಿಂದ ದಿನವೂ ಪತ್ರಿಕೆಯನ್ನು ನಾನೇ ಓದಿ ಹೇಳುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ದಿನ ವಿಜ್ಞಾನದ ಪುಟದಲ್ಲಿ ಹೊಸ ಸುದ್ದಿ ಬಂತು. ರೋಗಾಣುವಿನ ಒಂದು ಜೀನನ್ನು ಗಿಡಕ್ಕೆ ಸೇರಿಸಿ, ಗಿಡವೇ ಲಸಿಕೆ ತಯಾರಿಸುವಂತೆ ಮಾಡುತ್ತಿದ್ದಾರಂತೆ. ಸದ್ಯಕ್ಕೆ ಆಲೂಗಡ್ಡೆಯಲ್ಲಿ ಪ್ರಯೋಗ. ಬೇಯಿಸದೆ ತಿನ್ನಬಹುದಾದ್ದರಿಂದ ಮುಂದೆ, ನಾಲ್ಕೈದು ವರ್ಷದಲ್ಲಿ, ಬಾಳೆಹಣ್ಣಿನಲ್ಲೂ. ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು ನಾನು, ಖುಷಿಗೆ ಎರಡು ಸಲ ಓದಿದೆ. ಮಾವನವರ ಮುಖ ಅರಳಿತು.

"ಇನ್ನ ಚುಚ್ಚೋ ಕೆಲಸಾನೇ ಇಲ್ಲ ಅಂದಂಗಾತು. ನಮ್ಮ ಮಂಡಿಯಾಗೇ ಲಸಿಕೆ ಮಾರಬಹುದು."

ನಕ್ಕು ಬಿಡಬಹುದಾದ ಮಾತು. ಆದರೆ ನನ್ನ ಮಗಳಿಗೆ ಆಗ ಒಂಬತ್ತು ತಿಂಗಳು ತುಂಬಿತ್ತು. ಮೊದಲಿನ ಚುಚ್ಚುಮದ್ದುಗಳೆಲ್ಲ ಬಾಣಂತನದಲ್ಲಿ, ಹರಿಹರದ ನನ್ನ ತವರಿನಲ್ಲೇ ಆಗಿದ್ದವು. ಈಗ ದಡಾರದ್ದು ಹಾಕಿಸಬೇಕಿತ್ತು, ಹಿಂದಿನ ಓಣಿಯಲ್ಲಿ ಆಗಲೇ ಎರಡು ಮಕ್ಕಳು ದಡಾರ ಬಂದು ಮಲಗಿದ್ದವು. ಮಾವನವರು ಬೇಡವೆಂದರು. ಹಿಂದೆ ಮನೆಯ ಮಗುವೊಂದಕ್ಕೆ ಸೂಜಿ ಚುಚ್ಚಿದ ಜಾಗ ಕೀವಾಗಿ ತೊಡೆ ಕೊಯ್ಯಿಸಬೇಕಾಗಿತ್ತಂತೆ. ಆ ಹೆದರಿಕೆ ನನಗೂ ಅರ್ಥವಾಗುತ್ತಿತ್ತು. ಅದನ್ನು ಹೆದರಿಕೆ ಎಂದು ಒಪ್ಪಿಕೊಳ್ಳದೆ ವಿಜ್ಞಾನದ ಹೆಸರು ಹೇಳಿದ್ದಕ್ಕೆ ನನಗೆ ಸಿಟ್ಟು.

"ನಾಕು ವರ್ಷದಾಗ ಹಣ್ಣಿನಾಗೇ ಬರ್ತೈತೆ. ನೀನೇ ಓದಿದೀಯಲ್ಲ. ಈಗ ಕೂಸಿಗೆ ಯಾಕ ನೋವು?"

ಪತ್ರಿಕೆಯಲ್ಲಿ ದಡಾರದ ಮಾತೇ ಇರಲಿಲ್ಲ. ಹೇಳಿದರೆ, ಒಂದಕ್ಕೆ ಬಂದದ್ದು ಎಲ್ಲಾದಕ್ಕೂ ಬರ್ತೈತೆ ಎಂದರು. ನನ್ನ ಗಂಡ ತಟ್ಟೆ ನೋಡುತ್ತಾ ಕೂತಿದ್ದ. ಅಪ್ಪನ ಎದುರು ಅವನ ಬಾಯಿಗೆ ಬೀಗ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎನ್ನುತ್ತಾರೆ. ನಮ್ಮಲ್ಲಿ ಕೂಸು ಕಣ್ಣೆದುರಿಗಿತ್ತು, ಕುಲಾವಿಯ ಬಟ್ಟೆಯನ್ನೇ ಇನ್ನೂ ನೇಯ್ದಿರಲಿಲ್ಲ. ಆ ಹಣ್ಣು ಇವತ್ತಿಗೂ ಯಾವ ಮಂಡಿಗೂ ಬಂದದ್ದು ನಾನು ಕಾಣೆ.

ಕದ್ದು ಹಾಕಿಸಿಕೊಂಡು ಬರಬಹುದಿತ್ತು. ಅತ್ತೆಯೂ ಅದನ್ನೇ ಹೇಳಿಕೊಟ್ಟರು: "ಅವ್ವನ್ನ ನೋಡಿ ಬರ್ತೀನಿ ಅಂತ ಹೇಳಿ ಹೋಗು." ನನಗೆ ರೇಗಿತು. ಮಗಳಿಗೆ ಒಳ್ಳೆಯದು ಮಾಡಲು ನಾನು ಕಳ್ಳಿಯಾಗಬೇಕೆ? ಕೂಸನ್ನು ಸೊಂಟಕ್ಕೇರಿಸಿಕೊಂಡು ನೇರ ಮಂಡಿಗೆ ನಡೆದೆ. ಹರಾಜಿನ ಹೊತ್ತಿನಲ್ಲಿ ನಮ್ಮ ಮನೆಯ ಸೊಸೆಯಂದಿರು ಅಲ್ಲಿ ಕಾಲಿಡುವುದಿಲ್ಲ. ಸವಾಲು ಕೂಗುತ್ತಿದ್ದವರು ನನ್ನತ್ತ ತಿರುಗಿದರು.

"ಮಾವಾರ, ಹರಿಹರಕ್ಕೆ ಹೊಂಟೀನಿ. ಸೂಜಿ ಹಾಕಿಸ್ಕೊಂಡು ಸಂಜೀಗೆ ಬರ್ತೀನ್ರಿ."

"ಬ್ಯಾಡ ಅಂದಿದ್ನಲ್ಲವ್ವ. ಹಣ್ಣು ಬರ್ಲಿ."

ಪಕ್ಕದಲ್ಲೇ ಒಂದು ಗೊನೆ ಇತ್ತು. "ಇದ್ರ ಮ್ಯಾಲಿನ ಚಿಪ್ಪಿನ ಹಣ್ಣೂ ತುದಿ ಚಿಪ್ಪಿನ ಹಣ್ಣೂ ಒಂದೇ ಅಳತಿ ಇರ್ತಾವೇನ್ರಿ?" ಎಂದೆ.

"ಅದ್ಹೆಂಗೆ ಇರ್ತಾವು?"

"ಹಂಗಾರೆ ಯಾವ ಹಣ್ಣಿನಾಗ ಎಷ್ಟು ಔಷಧ ಐತೆ ಅಂತ ಯಾರು ಹೇಳ್ತಾರ್ರಿ? ಕೂಸು ಅರ್ಧ ಉಗುಳಿದ್ರೆ? ಕೊಳೆತದ್ದನ್ನ ಬೀದಿ ದನ ತಿಂದ್ರೆ? ಇದನ್ನೆಲ್ಲ ಸರಿ ಮಾಡಿ ಹಣ್ಣು ತರ್ಲಿ, ನಾನೇ ಮೊದಲು ತಿನ್ನಿಸ್ತೀನಿ. ಅಲ್ಲೀತನಕ ದಡಾರ ಕಾಯಂಗಿಲ್ಲ."

ಅಷ್ಟು ಜನರ ಎದುರು ಅವರ ಮುಖ ಕೆಂಪಾಯಿತು. "ಹೋದ್ರೆ ಅಲ್ಲೇ ಇರು."

"ಸಂಜೀಗೆ ಬರ್ತೀನ್ರಿ" ಎಂದು ಹೊರಟೆ.

ಹರಿಹರದ ಆಸ್ಪತ್ರೆಯಲ್ಲಿ ನರ್ಸಮ್ಮ ತೋಳಿಗೆ ಚುಚ್ಚಿದರು. ಮಗಳು ಓಣಿಗೆಲ್ಲ ಕೇಳುವಂತೆ ಅತ್ತು, ಅವ್ವನ ಮನೆಯಲ್ಲಿ ಹಾಲು ಕುಡಿದು ಮಲಗಿದಳು. "ಅವರ ಸಿಟ್ಟು ಇಳೀಲಿ, ಎಂಟು ದಿನ ಇರು" ಎಂದಳು ಅವ್ವ. ಇದ್ದರೆ ತಪ್ಪು ಒಪ್ಪಿಕೊಂಡಂತೆ. ಸಂಜೆಯ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಬಾಗಿಲು ಹಾಕಿದ್ದರೆ ಏನು ಮಾಡುವುದೆಂದು ನನಗೆ ಗೊತ್ತಿರಲಿಲ್ಲ.

ಬಾಗಿಲು ತೆರೆದಿತ್ತು. ಹೊಸ್ತಿಲಿಗೆ ಅಡ್ಡವಾಗಿ ಮಾವನವರು ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಕೂಸನ್ನು ಅವರ ತೊಡೆಯ ಮೇಲೆ ಕೂರಿಸಿದೆ. ಬೆರಳಿನಿಂದ ಅದರ ತೋಳು ಸವರಿದರು. ಚುಚ್ಚಿದ ಜಾಗಕ್ಕೆ ತಾಗಿತೇನೋ, ಕೂಸು ಚೀರಿತು. ತಟ್ಟನೆ ಕೈ ತೆಗೆದರು.

"ನೋಯ್ತೈತೆ" ಎಂದರು.

"ನೋಯ್ತೈತ್ರಿ. ನಾಳೆ ಹೋಗ್ತೈತೆ. ದಡಾರದಾಗ ಕಣ್ಣು ಹೋದ್ರೆ ನಾಳೆ ಬರ್ತೈತೇನ್ರಿ?"

ಮಾವನವರು ಅಳುತ್ತಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದರು, ಇನ್ನೊಂದು ಕೈಯಿಂದ ಕುರ್ಚಿಯನ್ನು ಪಕ್ಕಕ್ಕೆ ಎಳೆದರು. ನಾನು ತಲೆ ತಗ್ಗಿಸದೆ ಒಳಗೆ ಹೋದೆ.