ಮೂರನೇ ಕುರ್ಚಿಯ ತಪ್ಪು

ನಮ್ಮ ಸಂಗೀತದ ಮೇಷ್ಟ್ರು ಬೂಟು ಬಿಚ್ಚಿ ಗೋಡೆಯ ಪಕ್ಕ ಇಟ್ಟು, ಬರೀ ಕಾಲುಚೀಲದಲ್ಲಿ ಮಕ್ಕಳ ಮುಂದೆ ನಿಲ್ಲುತ್ತಿದ್ದರು. ಹಲಗೆಯ ನೆಲ ಕೊಳೆಯಾಗಬಾರದು ಎಂದು ಹಾಗೆ ಮಾಡುತ್ತಾರೆ ಅಂತ ಎಷ್ಟೋ ವರ್ಷ ನಾನು ನಂಬಿದ್ದೆ. ಆ ನೆಲ ಒರೆಸುವವಳು ನಾನೇ ಆದ್ದರಿಂದ ಅವರ ಮೇಲೆ ನನಗೆ ಗೌರವ ಒಂದು ಗುಲಗಂಜಿ ಜಾಸ್ತಿಯೇ ಇತ್ತು. ಕಾರಣ ಬೇರೆ ಅಂತ ಆಮೇಲೆ ತಿಳಿಯಿತು.

ಅವರು ಹುಟ್ಟಾ ಮೇಷ್ಟ್ರಲ್ಲ. ತಗಡು ಬಡಿಯುವ ಕಾರ್ಖಾನೆಯಲ್ಲಿ ಹದಿನಾರು ವರ್ಷ ಕೆಲಸ ಮಾಡಿದವರು. ಆ ಕಾರ್ಖಾನೆಯ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಾ, ಹಳೆಯ ಬ್ಯಾಂಡ್ ಮಾಸ್ತರರ ಕೈಕೆಳಗೆ ಒಂದೊಂದೇ ವಾದ್ಯ ಕಲಿತು, ಪರೀಕ್ಷೆ ಕಟ್ಟಿ, ಮೂವತ್ತೆಂಟನೇ ವಯಸ್ಸಿಗೆ ನಮ್ಮ ಶಾಲೆಗೆ ಬಂದರು. ಬಂದ ವರ್ಷವೇ ಮಕ್ಕಳ ವಾದ್ಯವೃಂದ ಕಟ್ಟಿದರು. ಕಟ್ಟಿದರು ಅಂದರೆ ಅಕ್ಷರಶಃ ಕಟ್ಟಿದ್ದೇ. ಉಗ್ರಾಣದಲ್ಲಿ ಮುರಿದು ಬಿದ್ದಿದ್ದ ಪಿಟೀಲುಗಳಿಗೆ ಅಂಟು ಹಾಕಿ, ದಾರ ಸುತ್ತಿ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಒಣಗಿಸಿದ್ದು ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ. "ಅಕ್ಕ, ಇವತ್ತು ಕಿಟಕಿ ಒರೆಸಬೇಡಿ, ರೋಗಿಗಳು ಮಲಗಿದಾರೆ" ಅಂದಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಆದರೂ ಶಾಲೆಯಲ್ಲಿ ಎಲ್ಲರಿಗೂ ನಾನು ಅಕ್ಕನೇ, ಅವರಿಗೂ ಅಷ್ಟೇ.

ಅವರದ್ದೊಂದು ಕಟ್ಟುನಿಟ್ಟಿತ್ತು. ಯಾರಾದರೂ ಅಭ್ಯಾಸಕ್ಕೆ ಬಾರದಿದ್ದರೆ ಅವರ ಕುರ್ಚಿ ತೆಗೆಯುವಂತಿಲ್ಲ, ಅವರ ಪಾಲಿನದನ್ನು ಇನ್ನೊಬ್ಬರು ಬಾರಿಸುವಂತಿಲ್ಲ. ಆ ಜಾಗ ಬಂದಾಗ ಎಲ್ಲರೂ ಸುಮ್ಮನೆ ಎಣಿಸುತ್ತಾ ಕೂರಬೇಕು. "ಅವನು ಇಲ್ಲ ಅನ್ನೋದು ಕಿವಿಗೆ ಬೀಳಬೇಕು ಕಣ್ರೋ" ಅನ್ನುತ್ತಿದ್ದರು. ಜ್ವರ ಬಂದ ಮಕ್ಕಳು ಕೂಡ ಇದಕ್ಕೆ ಹೆದರಿ ಮೂಗೊರೆಸಿಕೊಂಡು ಬರುತ್ತಿದ್ದವು.

ನಾನು ಓದಿದ್ದು ಮೂರನೇ ಕ್ಲಾಸು. ಸಂಗೀತ ಯಾರೂ ಕಲಿಸಿದ್ದಿಲ್ಲ. ಆದರೆ ದಿನಾ ಸಂಜೆ ನಾಲ್ಕೂವರೆಗೆ ಅವರ ಅಭ್ಯಾಸ ಶುರುವಾಗುವ ಹೊತ್ತಿಗೇ ನನಗೆ ಹಿಂದಿನ ಬಾಗಿಲ ಕಡೆ ನೆಲ ಒರೆಸುವ ಕೆಲಸ. ಹದಿನೇಳು ವರ್ಷ ಕೇಳಿಸಿಕೊಂಡರೆ ಗೋಡೆಗೂ ಒಂದಿಷ್ಟು ತಿಳಿಯುತ್ತೆ. ಒಂದು ದಿನ ಮಕ್ಕಳೆಲ್ಲ ಹೋದ ಮೇಲೆ ಬಾಯಿ ತಡೆಯದೆ, "ಮೇಷ್ಟ್ರೇ, ಎರಡನೇ ಸಾಲಿನ ಕೊನೇ ಹುಡುಗನ ತಂತಿ ಇಳಿದಿದೆ. ಮೂರು ದಿನದಿಂದ ಹಾಗೇ ಇದೆ" ಅಂದುಬಿಟ್ಟೆ.

ಅವರು ಕಾಗದ ಮಡಿಸುತ್ತಿದ್ದವರು ಹಾಗೇ ನಿಂತರು. "ಏನಂದ್ರಿ? ಈ ಕಡೆ ಬಂದು ಹೇಳಿ."

ಬಲಗಡೆಗೆ ಹೋಗಿ ಇನ್ನೊಂದು ಸಲ ಹೇಳಿದೆ. ಅವರು ಕುರ್ಚಿಯ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದರು. ಎಡಗಿವಿ ಹೋಗಿ ಐದು ವರ್ಷವಾಗಿದೆ. ತಗಡಿನ ಸದ್ದು ತಿಂದಿದ್ದು. ಬಲಗಿವಿಯಲ್ಲೂ ಈಗ ಎಲ್ಲಾ ಕಲಸಿಕೊಂಡು ಕೇಳುತ್ತದೆ, ಯಾವ ವಾದ್ಯ ಯಾವುದು ಅಂತ ಬಿಡಿಸಲಾಗುವುದಿಲ್ಲ, ಒಂದನ್ನೇ ಬಾರಿಸಿದರೂ ಶ್ರುತಿ ಸರಿಯೋ ತಪ್ಪೋ ತಿಳಿಯುವುದಿಲ್ಲ. ತಾಳವನ್ನು ಕಾಲಿನಿಂದ ಹಿಡಿಯುತ್ತಾರೆ. ನೆಲದ ಹಲಗೆ ಅದುರುತ್ತದಲ್ಲ, ಅದರಿಂದ. ಕಾಲುಚೀಲದ ಗುಟ್ಟು ಅದು.

"ಹೆಂಡತಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ ಅಕ್ಕ. ಶಾಲೆಯ ಸಮಿತಿಯವರಿಗೆ ತಿಳಿದ್ರೆ ನಾಳೆನೇ ನನ್ನ ಜಾಗಕ್ಕೆ ಇನ್ನೊಬ್ಬರು. ನಿವೃತ್ತಿಗೆ ಇನ್ನೂ ಮೂರು ವರ್ಷ ಇದೆ ನನಗೆ. ಈ ಮಕ್ಕಳ ಮುಂದೆ ನಿಲ್ಲೋದು ಬಿಟ್ಟು ಬೇರೇನು ಬರುತ್ತೆ ನನಗೆ?"

ಆವತ್ತಿನಿಂದ ನಾವಿಬ್ಬರೂ ಒಂದು ಏರ್ಪಾಟು ಮಾಡಿಕೊಂಡೆವು. ಕುರ್ಚಿ ಜೋಡಿಸುವವಳು ನಾನೇ. ಎಲ್ಲಿ ತಪ್ಪು ಕೇಳಿಸಿತೋ ಆ ಸಾಲನ್ನು ಎಡಗೈಯಲ್ಲಿ, ಕಿಟಕಿಯಿಂದ ಎಷ್ಟನೇ ಕುರ್ಚಿ ಅನ್ನುವುದನ್ನು ಬಲಗೈಯಲ್ಲಿ ಬೆರಳು ತೋರಿಸುವುದು. ಮಕ್ಕಳು ನನಗೆ ಬೆನ್ನು ಹಾಕಿ ಕೂತಿರುತ್ತವೆ, ಮೇಷ್ಟ್ರು ಮಾತ್ರ ಎದುರಿಗೆ. ಅವರು ಆ ಮಗುವಿಗೆ ಒಂಟಿಯಾಗಿ ಬಾರಿಸಲು ಹೇಳುತ್ತಾರೆ. ಸರಿಹೋದರೆ ನಾನು ಮತ್ತೆ ಒರೆಸಲು ಶುರು ಮಾಡುತ್ತೇನೆ. ಸರಿಯಾಗಿಲ್ಲದಿದ್ದರೆ ಒರೆಸುವ ಕೋಲು ಹಿಡಿದು ನಿಂತೇ ಇರುತ್ತೇನೆ. ಒಂದೂವರೆ ವರ್ಷ ಒಂದು ಕೂದಲೂ ಕೊಂಕಲಿಲ್ಲ. ಪೋಷಕರು, "ಮೇಷ್ಟ್ರ ಕಿವಿ ಅಂದ್ರೆ ಕಿವಿ! ಅಷ್ಟು ಮಕ್ಕಳಲ್ಲಿ ಹೇಗೆ ಕಂಡುಹಿಡೀತಾರೆ ನೋಡಿ" ಅಂತ ಹೊಗಳುತ್ತಿದ್ದರು. ನಾನು ಬಕೆಟ್ಟು ಎತ್ತಿಕೊಂಡು ಆಚೆ ಹೋಗುತ್ತಿದ್ದೆ.

ವಾರ್ಷಿಕ ಸಂಗೀತ ಕಛೇರಿಗೆ ಮೂರು ವಾರ ಇತ್ತು. ಎರಡನೇ ಸಾಲಿನಲ್ಲಿ ನಾಲ್ಕು ದೊಡ್ಡ ಪಿಟೀಲು, ನೆಲಕ್ಕೆ ಊರಿ ಮೊಣಕಾಲಿನ ನಡುವೆ ಇಟ್ಟುಕೊಂಡು ಬಾರಿಸುವಂಥವು. ಮೂರನೇ ಕುರ್ಚಿಯವಳು ಗುಬ್ಬಿ. ಹದಿಮೂರು ವರ್ಷ. ಪಿಟೀಲಿನ ಹಿಂದೆ ಕೂತರೆ ಹಣೆ, ಕಣ್ಣು ಬಿಟ್ಟು ಏನೂ ಕಾಣುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಅವಳಪ್ಪ ಬಸ್ ಡ್ರೈವರು. ನಾಲ್ಕನೆಯವನು ಒಂಟೆ, ಕತ್ತು ಅಷ್ಟುದ್ದ ಇತ್ತು ಪಾಪ. ಆ ವರ್ಷದ ಕೃತಿಯಲ್ಲಿ ಒಂದು ಕಡೆ ಎಲ್ಲರೂ ನಿಲ್ಲಿಸಿ ಗುಬ್ಬಿಯೊಬ್ಬಳೇ ಹದಿನಾರು ಎಣಿಕೆ ಬಾರಿಸಬೇಕಿತ್ತು. ಒಂದು ತಿಂಗಳಿಂದ ಅದನ್ನು ತಿದ್ದಿ ತೀಡಿ ನೀರು ಕುಡಿದಷ್ಟು ಸಲೀಸು ಮಾಡಿಕೊಂಡಿದ್ದಳು.

ಆ ವಾರ ಕಿಟಕಿಯ ಗೋಡೆಗೆ ಬಣ್ಣ ಹೊಡೆದಿದ್ದರು. ಹಸಿ ಬಣ್ಣ ಮಕ್ಕಳ ಬಟ್ಟೆಗೆ ತಾಗುತ್ತದೆ ಎಂದು ನಾನು ಪ್ರತಿ ಸಾಲಿನಲ್ಲೂ ಕಿಟಕಿ ಪಕ್ಕದ ಮೊದಲ ಕುರ್ಚಿ ತೆಗೆದು ಬಾಗಿಲ ಕಡೆಯ ತುದಿಗೆ ಹಾಕಿದೆ. ಅಲ್ಲಿಗೆ ಗುಬ್ಬಿ ಎರಡನೆಯವಳಾದಳು, ಒಂಟೆ ಮೂರನೆಯವನಾದ. ಮೇಷ್ಟ್ರಿಗೆ ಹೇಳಬೇಕಿತ್ತು, ಹೇಳಲಿಲ್ಲ. ಕಣ್ಣಿಗೆ ಕಾಣುತ್ತದಲ್ಲ ಅಂದುಕೊಂಡೆ. ಆದರೆ ಅವರು ತಲೆ ಬಗ್ಗಿಸಿದರೆ ಕಾಗದದಲ್ಲೇ. ನನ್ನ ಬೆರಳು ಅವರಿಗೆ ಕುರ್ಚಿಯಾಗಿ ಉಳಿದಿರಲಿಲ್ಲ, ಮಕ್ಕಳ ಹೆಸರೇ ಆಗಿಬಿಟ್ಟಿತ್ತು. ಎರಡನೇ ಸಾಲು ಮೂರು ಅಂದರೆ ಗುಬ್ಬಿ.

ಒಂಟೆ ಎರಡು ಕಡೆ ತಪ್ಪಿದ. ನಾನು ಎರಡು ಬೆರಳು, ಮೂರು ಬೆರಳು ತೋರಿಸಿದೆ.

"ಗುಬ್ಬಿ, ನೀನೊಬ್ಬಳೇ ಬಾರಿಸು" ಅಂದರು ಮೇಷ್ಟ್ರು.

ಗುಬ್ಬಿ ಬಾರಿಸಿದಳು. ಚಿನ್ನದಂಥಾ ಕೈ. ನಾನು ದಂಗಾಗಿ ಕೋಲು ಹಿಡಿದುಕೊಂಡು ನಿಂತೆ. ನಿಂತಿದ್ದೇ ತಪ್ಪಾಯಿತು. ನಾನು ನಿಂತಿದ್ದೇನೆ, ಅಂದರೆ ಅವರ ಲೆಕ್ಕದಲ್ಲಿ ಇನ್ನೂ ಸರಿಹೋಗಿಲ್ಲ.

"ಇನ್ನೊಂದ್ಸಲ."

ಬಾರಿಸಿದಳು. "ಇನ್ನೊಂದ್ಸಲ." ನನಗೆ ಒರೆಸಬೇಕು ಅನ್ನುವುದೇ ಮರೆತುಹೋಯಿತು. ಆರು ಸಲ ಆಯಿತು. ಆರು ಸಲವೂ ಸರಿಯಾಗಿಯೇ ಬಾರಿಸಿದಳು. ಕೊನೆಗೆ ಅವರಿಗೆ ತಾಳ್ಮೆ ಹೋಯಿತು. "ಮನೇಲಿ ಕೈಯಾಡಿಸದೆ ಬರೋದಾದ್ರೆ ಬರಲೇಬೇಡ. ನಿನ್ನಿಂದ ಇಪ್ಪತ್ತು ಮಕ್ಕಳು ಕಾಯ್ಬೇಕಾ?"

ಗುಬ್ಬಿ ಅಳಲಿಲ್ಲ. ಪಿಟೀಲನ್ನು ಚೀಲಕ್ಕೆ ಹಾಕಿ, ಜಿಪ್ಪು ಎಳೆದು, ಎತ್ತಿಕೊಂಡು ಹೊರಟುಹೋದಳು. ಒಂಟೆ ತನ್ನ ಕಾಲ ಬೆರಳು ನೋಡುತ್ತಾ ಕೂತಿದ್ದ.

ಎಲ್ಲರೂ ಹೋದ ಮೇಲೆ ನಡೆದದ್ದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಕಿಟಕಿ ಕಡೆ ನೋಡಿದರು, ಕುರ್ಚಿ ಎಣಿಸಿದರು. "ಆರು ಸಲಾನೂ ಸರಿಯಾಗಿತ್ತಾ?" ಅಂದರು. "ಆರು ಸಲಾನೂ" ಅಂದೆ. "ಬೈಯಿರಿ ನನಗೆ, ನನ್ನದೇ ತಪ್ಪು" ಅಂತ ನಾನು ಅಂದರೂ ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮಾರನೇ ದಿನ ಅವಳು ಬರಲಿಲ್ಲ. ಅದರಾಚೆ ದಿನವೂ ಇಲ್ಲ. ಆ ಭಾಗ ಬಂದಾಗ ಅವರದೇ ಕಟ್ಟುನಿಟ್ಟಿನ ಪ್ರಕಾರ ಎಲ್ಲರೂ ಸುಮ್ಮನೆ ಹದಿನಾರು ಎಣಿಸಿದರು. ಗಡಿಯಾರದ ಟಿಕ್ ಟಿಕ್ ಕೂಡ ಕೇಳುತ್ತಿತ್ತು, ನಮಗೆ. ಮೇಷ್ಟ್ರು ಕೈ ಆಡಿಸುತ್ತಲೇ ಇದ್ದರು. ಕಾಲಡಿಯ ಹಲಗೆ ಅದುರುವುದು ನಿಂತಿದ್ದು ಅವರಿಗೂ ತಿಳಿದಿರಬೇಕು.

ಐದನೇ ದಿನ, "ನಡೀರಿ ಅಕ್ಕ, ಅವರ ಮನೆಗೆ ಹೋಗಿಬರೋಣ" ಅಂದರು.

ಬಸ್ ಡಿಪೋದ ಹಿಂದೆ ಮೂರನೇ ಮಹಡಿಯಲ್ಲಿ ಅವರ ಮನೆ. ಬಾಗಿಲು ತೆಗೆದ ಅವಳಪ್ಪ ಖಾಕಿ ಅಂಗಿಯಲ್ಲೇ ಇದ್ದ. "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ನಿಮ್ಮ ಶಿಷ್ಯೆ ಮಾತು ಬಿಟ್ಟಿದಾಳೆ. ಪಿಟೀಲು ಮಂಚದ ಕೆಳಗೆ ಹೋಗಿದೆ. ನಮ್ಮಮ್ಮನ ಟ್ರಂಕು ಆಚೆ ಬಂದಿದೆ" ಅಂದ. ಕೋಪವಿದ್ದರೂ ತಮಾಷೆ ಬಿಡದ ಮನುಷ್ಯ.

ಗುಬ್ಬಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮೇಷ್ಟ್ರು ಸುತ್ತಿ ಬಳಸದೆ ಹೇಳಿದರು. "ನನಗೆ ಕಿವಿ ಕೇಳಿಸಲ್ಲ ಮಗಾ. ನೀನು ಸರಿಯಾಗಿ ಬಾರಿಸಿದ್ದೆ. ತಪ್ಪು ನನ್ನದು."

"ನಿಮಗೆ ಕೇಳಿಸಲ್ಲ ಅಂತ ನಮಗೆಲ್ಲ ಗೊತ್ತು" ಅಂದಳು.

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಇಲ್ಲ ಅಂತ ತಲೆಯಾಡಿಸಿದೆ, ನಾನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

"ಅಕ್ಕ ಹೇಳಿದ್ದಲ್ಲ. ಹೋದ ವರ್ಷ ಬೆಂಕಿಯ ಗಂಟೆ ಹೊಡೆದಾಗ ನಾವೆಲ್ಲ ಎದ್ದೆವು, ನೀವು ಕೈ ಆಡಿಸ್ತಾನೇ ಇದ್ರಿ. ಅವತ್ತೇ ಗೊತ್ತಾಯ್ತು. ಯಾರಿಗೂ ಹೇಳಬಾರದು ಅಂತ ಮಾತಾಡ್ಕೊಂಡ್ವಿ. ಅಕ್ಕ ಬೆರಳು ತೋರಿಸೋದೂ ಗೊತ್ತು. ಕಿಟಕಿ ಗಾಜಲ್ಲಿ ಕಾಣುತ್ತೆ."

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ನಾವಿಬ್ಬರು ಮುದುಕರು ಒಂದೂವರೆ ವರ್ಷ ಕಳ್ಳರ ಹಾಗೆ ಸನ್ನೆ ಮಾಡುತ್ತಿದ್ದರೆ ಮಕ್ಕಳು ಗಾಜಿನಲ್ಲಿ ನೋಡುತ್ತಾ ಕೂತಿದ್ದವು.

"ಮತ್ತೆ ಯಾಕೆ ಬರಲಿಲ್ಲ?" ಮೇಷ್ಟ್ರು ಕೇಳಿದರು.

"ಆರು ಸಲ ಬಾರಿಸಿದೆ. ಸರಿ ಇತ್ತಾ ಅಂತ ಒಂದ್ಸಲ ನನ್ನ ಕೇಳಬಹುದಿತ್ತಲ್ಲ? ನನಗೆ ಗೊತ್ತಿತ್ತು. ಬಾರಿಸಿದವಳು ನಾನು."

ಅವಳಪ್ಪ, "ಏ, ದೊಡ್ಡವರ ಹತ್ರ ಹಾಗೆಲ್ಲ ಮಾತಾಡಬಾರದು" ಅಂದ. ಮೇಷ್ಟ್ರು ಕೈ ಎತ್ತಿ ಅವನನ್ನು ತಡೆದರು. "ನಾಳೆ ಬಾ. ಅಲ್ಲೇ ಎಲ್ಲರ ಮುಂದೆ ಹೇಳ್ತೀನಿ" ಅಂದರು. ಮೆಟ್ಟಿಲು ಇಳಿಯುವಾಗ ನಾನು, "ಎಲ್ಲರ ಮುಂದೆ ಅಂದ್ರೆ ನಾಳೆ ಸಮಿತಿ ಕಾರ್ಯದರ್ಶಿಗಳೂ ಇರ್ತಾರೆ, ಕಛೇರಿ ವಿಚಾರ ಮಾತಾಡೋಕೆ ಬರ್ತಾರೆ. ನಾಳಿದ್ದು ಹೇಳಿ ಮೇಷ್ಟ್ರೇ" ಅಂದೆ. ಯಾವ ಕಿವಿಯ ಕಡೆಯಿಂದ ಹೇಳಿದೆನೋ, ಅವರು ಇಳಿಯುತ್ತಲೇ ಹೋದರು.

ಮಾರನೇ ದಿನ ಗುಬ್ಬಿ ಬಂದಳು. ಕಾರ್ಯದರ್ಶಿಗಳು ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮೇಷ್ಟ್ರು ಕಿವಿಯ ವಿಚಾರ, ಕಾಲುಚೀಲ, ನನ್ನ ಬೆರಳು, ಗುಬ್ಬಿಗೆ ಮಾಡಿದ ಅನ್ಯಾಯ, ಎಲ್ಲವನ್ನೂ ಹಾಜರಿ ಕೂಗುವ ದನಿಯಲ್ಲೇ ಹೇಳಿ ಮುಗಿಸಿದರು. ಒಂಟೆ ಎದ್ದು, "ತಪ್ಪಿದ್ದು ನಾನು" ಅಂದ. "ಗೊತ್ತು, ಕೂತ್ಕೋ" ಅಂದರು. ಆಮೇಲೆ ಅಭ್ಯಾಸ ಶುರು ಮಾಡಿದರು. ಪ್ರತಿ ಭಾಗ ಮುಗಿದ ಮೇಲೂ, "ಯಾರದು ತಪ್ಪಿತು? ನೀವೇ ಹೇಳಿ" ಅನ್ನುವರು. ಮೊದಲು ಒಂದು ಕೈ ಎದ್ದಿತು, ಆಮೇಲೆ ನಾಲ್ಕು, ಆಮೇಲೆ ಹದಿನೈದು. ನನಗೆ ಕೇಳಿಸದೇ ಇದ್ದ ತಪ್ಪುಗಳನ್ನೂ ಮಕ್ಕಳು ಒಪ್ಪಿಕೊಂಡವು. ನನ್ನ ಬೆರಳಿಗೆ ಅವತ್ತಿನಿಂದ ಕೆಲಸ ತಪ್ಪಿತು. ನೆಲ ಮಾತ್ರ ಚೆನ್ನಾಗಿ ಹೊಳೆಯತೊಡಗಿತು.

ಕಾರ್ಯದರ್ಶಿಗಳು ಕೆಟ್ಟವರೇನಲ್ಲ. "ಕಛೇರಿ ಮುಗಿಯೋವರೆಗೆ ನೀವೇ ಇರಿ. ಆಮೇಲೆ ಬೇರೆಯವರನ್ನ ನೋಡ್ತೀವಿ. ನಮ್ಮ ಕಷ್ಟಾನೂ ಅರ್ಥ ಮಾಡ್ಕೊಳ್ಳಿ" ಅಂದರು. ಮೇಷ್ಟ್ರು, "ಅರ್ಥ ಆಗುತ್ತೆ" ಅಂದರು.

ಕಛೇರಿ ಚೆನ್ನಾಗಿಯೇ ಆಯಿತು. ಅದ್ಭುತ ಅಂತೇನೂ ಹೇಳುವುದಿಲ್ಲ, ಡೋಲಿನವನು ಒಂದು ಕಡೆ ಮುಂದೆ ಓಡಿದ್ದ. ಗುಬ್ಬಿಯ ಹದಿನಾರು ಎಣಿಕೆಯ ಹೊತ್ತಿಗೆ ಮೇಷ್ಟ್ರು ಕೈ ಕೆಳಗಿಳಿಸಿ ಸುಮ್ಮನೆ ಅವಳನ್ನೇ ನೋಡುತ್ತಾ ನಿಂತರು. ಜನ ಚಪ್ಪಾಳೆ ತಟ್ಟುತ್ತಿದ್ದಾಗ ಅವಳ ಹತ್ತಿರ ಬಗ್ಗಿ ಏನೋ ಕೇಳಿದರು. ಅವಳೂ ಅವರ ಬಲಗಿವಿಗೆ ಏನೋ ಹೇಳಿದಳು. ಅದೇನೆಂದು ಆಮೇಲೆ ಅವಳೇ ನನಗೆ ಹೇಳಿದಳು. "ಸರಿ ಇತ್ತಾ?" ಅಂದರಂತೆ. "ಕೊನೇ ನಾಲ್ಕು ಎಣಿಕೆ ಸ್ವಲ್ಪ ಇಳೀತು ಮೇಷ್ಟ್ರೇ" ಅಂದಳಂತೆ. "ಆಯ್ತು, ನಾಳೆ ನೋಡೋಣ" ಅಂದರಂತೆ. ಅಭ್ಯಾಸದ ಬಾಯಿ, ಹಾಗೆ ಬಂದುಬಿಟ್ಟಿತು. ನಾಳೆ ಅವರಿಗೆ ಆ ಕೋಣೆಯಲ್ಲಿ ಕೆಲಸ ಇರಲಿಲ್ಲ. ಬೀಗದ ಕೈಯನ್ನು ಅವತ್ತೇ ನನ್ನ ಕೈಗೆ ಕೊಟ್ಟು ಹೋಗಿದ್ದರು.

ಮುಂದಿನದು ಮೇಷ್ಟ್ರ ಹೆಂಡತಿ ಹೇಳಿದ್ದು. ಮಾರನೇ ಬೆಳಿಗ್ಗೆ ಮೇಷ್ಟ್ರು ಹಲ್ಲುಜ್ಜುತ್ತಿದ್ದಾಗ ಬಾಗಿಲಲ್ಲಿ ಗುಬ್ಬಿ ಬಂದು ನಿಂತಳಂತೆ, ಬೆನ್ನ ಮೇಲೆ ಅವಳಿಗಿಂತ ದೊಡ್ಡ ಚೀಲ. ಅಮ್ಮಾವ್ರು ಒಳಗೆ ಹೋಗಿ ಅವರ ಬಲಗಡೆ ನಿಂತು, "ನಿಮ್ಮವಳು ಬಂದಿದಾಳೆ. ನಾಳೆ ಅಂದಿದ್ರಂತೆ" ಅಂದರು. ಮೇಷ್ಟ್ರು ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು ಬಂದು ಊಟದ ಮೇಜನ್ನು ಗೋಡೆಗೆ ತಳ್ಳಿ ಜಾಗ ಮಾಡಿದರು. ಕುರ್ಚಿ ಎಳೆದುಕೊಟ್ಟು, ಪಿಟೀಲಿನ ಹೊಟ್ಟೆಗೆ ಅಂಗೈ ಒತ್ತಿ ಹಿಡಿದು, "ಆ ನಾಲ್ಕು ಬಾರಿಸು" ಅಂದರಂತೆ.

ಒಂಬತ್ತಕ್ಕೆ ಶುರುವಾದದ್ದು ಹನ್ನೊಂದಾದರೂ ಮುಗಿದಿರಲಿಲ್ಲ. ಅಷ್ಟರಲ್ಲಿ ಒಂಟೆಯೂ ಬಂದ.