ಬೈರಪ್ಪನ ಬೆಸುಗೆ

ಕೆಂಗೇರಿಯ ಜನಕ್ಕೆ ಬೈರಪ್ಪನ ಕೈಯ ಮೇಲೆ ಎಷ್ಟು ನಂಬಿಕೆಯೋ ಅವನ ಬಾಯಿ ಕಂಡರೆ ಅಷ್ಟೇ ಹೆದರಿಕೆ. ಮೂರನೆಯ ಕ್ಲಾಸಿಗೇ ಸ್ಲೇಟು ಬಿಸಾಕಿದ ಆಸಾಮಿ. ಯುದ್ಧದ ಕಾಲದಲ್ಲಿ ಬೆಂಗಳೂರಿನ ಮಿಲಿಟರಿ ಲಾರಿ ಷೆಡ್ಡಿಗೆ ಕೂಲಿಗೆ ಸೇರಿ, ನೋಡಿ ನೋಡಿಯೇ ಇಂಜಿನ್ ಕೆಲಸ ಕಲಿತ. ಯುದ್ಧ ಮುಗಿದ ಮೇಲೆ ಊರಿಗೆ ಬಂದು, ಮೈಸೂರು ರಸ್ತೆಯ ಪಕ್ಕದ ಹುಣಸೆಮರದ ಕೆಳಗೆ ತಗಡಿನ ಷೆಡ್ಡು ಹಾಕಿದ. ಈ ಹತ್ತು ವರ್ಷದಲ್ಲಿ ಅವನ ಕೈಲಿ ಆಗದೆ ವಾಪಸು ಹೋದ ಗಾಡಿ ಒಂದೂ ಇಲ್ಲ. ಅವನ ಕೈಲಿ ಬೈಸಿಕೊಳ್ಳದೆ ಹೋದ ಡ್ರೈವರೂ ಇಲ್ಲ.

“ಗಾಡೀಲಿ ನೀರು ಕುದಿಯೋದು ಆಮೇಲೆ, ನಿಮ್ ತಲೆ ಮೊದ್ಲೇ ಕುದ್ದೋಗಿರುತ್ತೆ,” ಎಂದು ಹೆಂಡತಿ ಹನುಮಕ್ಕ ಬುತ್ತಿ ತಂದಾಗಲೆಲ್ಲ ಚುಚ್ಚುತ್ತಿದ್ದಳು.

ಹೆರಿಗೆ ಡಾಕ್ಟರ್ ಸತ್ಯವತಿಯವರ ಕಾರನ್ನು ನೋಡಿಕೊಳ್ಳುವುದೆಂದರೆ ಅವನಿಗೆ ದೊಡ್ಡ ಹೆಮ್ಮೆ. ಸುತ್ತಮುತ್ತಲ ಹಳ್ಳಿಗಳಲ್ಲಿ ಯಾವ ಹೆಣ್ಣುಮಗಳಿಗೆ ನೋವು ಬಂದರೂ ಆ ಕಪ್ಪು ಆಸ್ಟಿನ್ ಓಡಬೇಕು. ಆ ಕಾರಿಗೆ ಮಾತ್ರ ಬೈರಪ್ಪ ಬೇರೆ ಯಾರ ಕೈಯೂ ಸೋಕಲು ಬಿಟ್ಟವನಲ್ಲ. ಸೋಮವಾರ ಅದರ ರೇಡಿಯೇಟರ್ ತೂತಾಗಿ ಬಂತು. ಬೆಸುಗೆ ಹಾಕಿ, ನೀರು ತುಂಬಿ, “ಇನ್ನು ಐದು ವರ್ಷ ಇದರ ಕಡೆ ತಲೆ ಹಾಕ್ಬೇಡ, ಹೋಗು,” ಎಂದು ಡ್ರೈವರ್ ಚಿಕ್ಕಹನುಮಯ್ಯನಿಗೆ ಕೀಲಿ ಕೊಟ್ಟ.

ಬುಧವಾರ ಮಧ್ಯಾಹ್ನ ಅದೇ ಕಾರು ವಾಪಸು ಬಂತು. ಎರಡು ಎತ್ತು ಎಳೆದುಕೊಂಡು ಬಂದವು. ಕುಂಬಳಗೋಡಿನ ಏರಿನಲ್ಲಿ ಬುಸಬುಸ ಹಬೆ ಕಾರಿ ನಿಂತುಬಿಟ್ಟಿತ್ತಂತೆ. ಡಾಕ್ಟ್ರಮ್ಮ ಕೈಚೀಲ ಹಿಡಿದು ಬಿಸಿಲಿನಲ್ಲಿ ಒಂದು ಮೈಲಿ ನಡೆದು ಬಸುರಿಯ ಮನೆ ಸೇರಿದರಂತೆ. ಸಂತೆಗೆ ಬಂದ ಜನವೆಲ್ಲ ಎತ್ತಿನ ಹಿಂದೆ ಬರುವ ಕಾರನ್ನೂ ಬೈರಪ್ಪನ ಮುಖವನ್ನೂ ಸರದಿಯ ಮೇಲೆ ನೋಡಿದರು.

ಸಂಜೆ ಸತ್ಯವತಿಯವರೇ ಷೆಡ್ಡಿಗೆ ಬಂದರು. ಕೂರಲಿಲ್ಲ.

“ಬೈರಪ್ಪ, ಇವತ್ತು ತಾಯಿ ಮಗು ಇಬ್ರೂ ಉಳ್ಕೊಂಡ್ರು. ಇನ್ನರ್ಧ ಗಂಟೆ ತಡ ಆಗಿದ್ರೆ ಉಳೀತಿರ್ಲಿಲ್ಲ. ನಾಳೆ ಸಂಜೆಯೊಳಗೆ ಸರಿ ಮಾಡಿ. ಆಗದೇ ಇದ್ರೆ ಕಾರು ಬೆಂಗಳೂರಿನ ದೊಡ್ಡ ವರ್ಕ್‌ಷಾಪಿಗೆ ಹೋಗುತ್ತೆ, ಆಮೇಲೆ ಈ ಮರದ ಕೆಳಗೆ ಬರಲ್ಲ.”

ಬೇರೆ ಯಾರಾದರೂ ಈ ಮಾತು ಆಡಿದ್ದರೆ ಬೈರಪ್ಪ ಸ್ಪ್ಯಾನರ್ ಎಸೆಯುತ್ತಿದ್ದ. ಇವರ ಮುಂದೆ ತಲೆ ತಗ್ಗಿಸಿ ನಿಂತ.

ಗುರುವಾರ ಬೆಳಕು ಹರಿಯುವಾಗಲೇ ಶುರು ಮಾಡಿದ. ಫ್ಯಾನ್ ಬೆಲ್ಟು ನೋಡಿದ, ಬಿಗಿಯಾಗಿತ್ತು. ರಬ್ಬರ್ ಪೈಪು ಹಿಸುಕಿದ, ಗಟ್ಟಿಯಾಗಿತ್ತು. ಒಳಗೆ ಗಾಳಿ ಸಿಕ್ಕಿಕೊಂಡಿರಬಹುದೆಂದು ಕಾರಿನ ಮೂತಿ ದಿಬ್ಬಕ್ಕೆ ಮಾಡಿ ನಿಲ್ಲಿಸಿ, ಚೊಂಬಿನಲ್ಲಿ ನಿಧಾನವಾಗಿ ನೀರು ಹೊಯ್ದ. ಇಂಜಿನ್ ಚಾಲೂ ಮಾಡಿ ಕಾಲು ಗಂಟೆಯಾಗಲಿಲ್ಲ, ಮತ್ತೆ ಬುಸ್ಸೆಂದಿತು.

“ನೀನೇ ಎಲ್ಲೋ ಗುಂಡಿಗೆ ಇಳಿಸಿರ್ತೀಯ ಕಣೋ! ದನ ಕಾಯೋನ್ ಕೈಗೆ ಸ್ಟೇರಿಂಗ್ ಕೊಟ್ರೆ ಇನ್ನೇನಾಗುತ್ತೆ!” ಎಂದು ಡ್ರೈವರ್ ಮೇಲೆ ಹಾರಿಬಿದ್ದ.

ಚಿಕ್ಕಹನುಮಯ್ಯ ಹುಣಸೆಮರಕ್ಕೆ ಒರಗಿ ಹೆಬ್ಬೆರಳಲ್ಲಿ ನೆಲ ಕೆರೆಯುತ್ತಿದ್ದ.

ಅಷ್ಟರಲ್ಲಿ ಬುತ್ತಿ ತಂದ ಹನುಮಕ್ಕ ಮೂಗು ಅರಳಿಸಿದಳು. “ಅಯ್ಯೋ, ಯಾರು ಒಲೆ ಮೇಲೆ ಗಂಜಿ ಬಿಟ್ಟಿರೋದು? ತಳ ಹಿಡ್ದು ಸೀದು ನಾರ್ತಾ ಇದೆ!”

“ಇಲ್ಲೆಲ್ಲಿದೆಯೇ ಒಲೆ?” ಎಂದ ಬೈರಪ್ಪ, ತಾನೂ ಮೂಸಿ ನೋಡಿ ಕಾರಿನ ಕಡೆ ತಿರುಗಿದ. ವಾಸನೆ ಬಾನೆಟ್ಟಿನ ಒಳಗಿಂದ ಬರುತ್ತಿತ್ತು. ತಣ್ಣಗಾಗುವವರೆಗೆ ಕಾದು, ರೇಡಿಯೇಟರ್ ಮುಚ್ಚಳ ತೆಗೆದು ಬೆರಳು ಅದ್ದಿದ. ಕಂದು ಅಂಟು ಬೆರಳಿಗೆ ಮೆತ್ತಿಕೊಂಡಿತು. ರಾಗಿ!

ತಿರುಗುವಷ್ಟರಲ್ಲಿ ಚಿಕ್ಕಹನುಮಯ್ಯ ಹತ್ತು ಮಾರು ದೂರ ಹೋಗಿದ್ದ. ಅಲ್ಲಿಂದಲೇ ಕೂಗಿ ಹೇಳಿದ: “ಸೋಮವಾರ ಸಂಜೆ ಕೆಳಗಡೆ ಒಂದೊಂದೇ ಹನಿ ಬೀಳ್ತಿತ್ತು ಅಣ್ಣ. ಅದಕ್ಕೇ ಒಂದು ಹಿಡಿ ರಾಗಿಹಿಟ್ಟು ಹಾಕ್ದೆ. ನೀವೇ ಅಲ್ವಾ ಆವತ್ತು ಬಿಡದಿ ಹತ್ರ ಲಾರಿ ಸೋರ್ತಿದ್ದಾಗ ಹಾಕಿದ್ದು?”

“ಅದು ಷೆಡ್ಡು ಸೇರೋ ತನಕ ಮಾತ್ರ ಕಣೋ, ಚಿಟಿಕೆಯಷ್ಟು! ನೀನು ಒಂದೇ ಹಿಡಿನಾ ಹಾಕಿದ್ದು?”

“ಹನಿ ನಿಲ್ಲಲಿಲ್ಲ. ಬೆಳಿಗ್ಗೆ ಇನ್ನೂ ಮೂರು ಹಿಡಿ...”

“ಮುದ್ದೆ ಕಟ್ಟಿದೀಯಲ್ಲೋ ಒಳಗೆ! ಬಂದು ನನಗೆ ಹೇಳೋಕೆ ನಿನಗೇನು ರೋಗ?”

“ಬೈರಣ್ಣ, ನಿಮ್ ಬೆಸುಗೆ ಸೋರ್ತಾ ಇದೆ ಅಂತ ನಿಮ್ ಮುಂದೆ ನಿಂತು ಯಾರು ಹೇಳ್ತಾರೆ?”

ಬೈರಪ್ಪನ ಕೈ ಸುತ್ತಿಗೆಯ ಕಡೆ ಹೋಗಿತ್ತು. ಅಲ್ಲೇ ನಿಂತಿತು. “ನನ್ ಬೆಸುಗೆ ಸೋರುತ್ತಾ? ನೋಡೇಬಿಡೋಣ,” ಎಂದು ರೇಡಿಯೇಟರ್ ಬಿಚ್ಚಿ, ಬಾಯಿಗಳಿಗೆ ಬಿರಡೆ ಬಡಿದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಸೈಕಲ್ ಪಂಪಿನಿಂದ ಗಾಳಿ ಒತ್ತಿದ. ಬೆಸುಗೆಯ ಅಂಚಿನಿಂದ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ಚಿಕ್ಕಹನುಮಯ್ಯನೂ ಹತ್ತಿರ ಬಂದ, ಮೂವರೂ ಬಗ್ಗಿ ನೋಡಿದರು.

“ಪಾಪ, ಅವನು ಹೇಳಿದ್ದು ಸುಳ್ಳಲ್ಲ,” ಎಂದಳು ಹನುಮಕ್ಕ, ಮೆಲ್ಲಗೆ.

ಬೈರಪ್ಪ ಆ ದಿನ ಮತ್ತೆ ಬೈಯಲಿಲ್ಲ. ಬುತ್ತಿಯನ್ನೂ ಬಿಚ್ಚಲಿಲ್ಲ. ಹಂಡೆ ನೀರು ಕಾಯಿಸಿ, ಬಟ್ಟೆ ಒಗೆಯುವ ಸೋಡಾ ಕದಡಿ, ರೇಡಿಯೇಟರಿಗೂ ಇಂಜಿನ್ನಿಗೂ ಕೆಳಗಿನಿಂದ ಮೇಲಕ್ಕೆ ಹೊಡೆದ. ಗಂಟು ಗಂಟಾಗಿ ಅಂಬಲಿ ಹೊರಬಂತು. ತಿಳಿ ನೀರು ಬರುವ ತನಕ ಎಂಟು ಸಲ ತೊಳೆದ. ಹಳೆಯ ಬೆಸುಗೆಯನ್ನು ಪೂರ್ತಿ ಕಿತ್ತು ಹೊಸದು ಹಾಕಿದ, ತೊಟ್ಟಿಯಲ್ಲಿ ಮೂರು ಸಲ ಮುಳುಗಿಸಿದ. ಗುಳ್ಳೆ ಬರಲಿಲ್ಲ.

ಐದು ಗಂಟೆಗೆ ಸತ್ಯವತಿಯವರು ಬಂದರು. ಅವರ ಹಿಂದೆಯೇ ಸೈಕಲ್ ತುಳಿದುಕೊಂಡು ಒಬ್ಬ ಬಂದ. ಅವನ ತಂಗಿಗೆ ನೋವು ಬಂದಿತ್ತು. ಮನೆ ಕುಂಬಳಗೋಡಿನಿಂದ ಆಚೆ.

“ಏನಾಗಿತ್ತು?” ಎಂದು ಕೇಳಿದರು ಡಾಕ್ಟ್ರಮ್ಮ.

ಚಿಕ್ಕಹನುಮಯ್ಯನ ಮುಖ ಸುಣ್ಣವಾಯಿತು. ರಾಗಿಯ ಸುದ್ದಿ ಎತ್ತಿದರೆ ಅವನ ಕೆಲಸ ಇವತ್ತಿಗೆ ಮುಗಿಯಿತು.

“ನನ್ ಬೆಸುಗೆ ಸೋರಿತ್ತು ಅಮ್ಮ. ನನ್ ಬಾಯಿಗೆ ಹೆದರಿ ಇವನು ನನಗೆ ಹೇಳ್ದೆ, ರಾಗಿಹಿಟ್ಟು ಹಾಕಿ ಮುಚ್ಚೋಕೆ ನೋಡ್ದ. ಅದು ಒಳಗೆ ಬೆಂದು ದಾರಿ ಕಟ್ಕೊಂತು. ತಪ್ಪು ನಂದೇ.”

ಸತ್ಯವತಿಯವರು ಇಬ್ಬರನ್ನೂ ನೋಡಿದರು. “ಹಾಗಾದ್ರೆ ಬಾಯಿಗೂ ಒಂದು ಬೆಸುಗೆ ಹಾಕ್ಕೊಳ್ಳಿ, ಬೈರಪ್ಪ. ಈಗ ಹತ್ತಿ, ನೀವೂ ಬನ್ನಿ. ನಿಂತ್ರೆ ತಳ್ಳೋಕೆ ಒಂದಾಳು ಬೇಕು.”

ಬೈರಪ್ಪ ಮುಂದಿನ ಸೀಟಿನ ತುದಿಯಲ್ಲಿ ಕುಳಿತ. ಏರು ಬಂತು. ಚಿಕ್ಕಹನುಮಯ್ಯ ಗೇರು ಇಳಿಸಿದ, ಇಂಜಿನ್ ಗೊರಗೊರ ಎಂದಿತು. ಬೈರಪ್ಪನ ಕಣ್ಣು ಬಾನೆಟ್ಟಿನ ಸಂದಿಯಿಂದ ಅಲುಗಲಿಲ್ಲ. ನಿನ್ನೆ ಕಾರು ನಿಂತ ಜಾಗದಲ್ಲಿ ರಸ್ತೆಯ ಮೇಲೆ ಅಂಬಲಿಯ ಕಲೆ ಇನ್ನೂ ಇತ್ತು. ಅದು ಹಿಂದೆ ಹೋಯಿತು. ಏರು ಮುಗಿಯಿತು. ಹಬೆ ಬರಲಿಲ್ಲ.

ಇಳಿಜಾರಿನಲ್ಲಿ ಚಿಕ್ಕಹನುಮಯ್ಯ ಗಂಟಲು ಸರಿಮಾಡಿಕೊಂಡ. “ಅಣ್ಣ... ಹಿಂದಿನ ಚಕ್ರ ಯಾಕೋ ಕಿರ್ ಅಂತಿದೆ. ಹೋದ ತಿಂಗಳು ನೀವೇ ಗ್ರೀಸು ಹಾಕಿದ್ದು.”

ಬೈರಪ್ಪನ ಕತ್ತಿನ ನರ ಉಬ್ಬಿತು. ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದ ಡಾಕ್ಟ್ರಮ್ಮ ಈ ಕಡೆ ತಿರುಗಿದರು.

“ಯಾವ್ದು ಕಣೋ,” ಎಂದ ಬೈರಪ್ಪ, “ಎಡಗಡೇದಾ, ಬಲಗಡೇದಾ?”