ಮಗ್ಗದ ಕುಣಿಗೆ ಬಂದ ಏಡಿ

ದೆವ್ವ, ಶಕುನ ಅಂದರೆ ನಕ್ಕುಬಿಡುವವನು ನಾನು. ಹುನಗುಂದದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವ ಮಾಸ್ತರ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ಮನೆ ಗುಳೇದಗುಡ್ಡದಲ್ಲಿ. ಅಣ್ಣ ಮನೆಯೊಳಗಿನ ಕುಣಿಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತಿದ್ದ. ಮಲಪ್ರಭೆ ಉಕ್ಕಿದ ವರ್ಷ, ಐಹೊಳೆಯ ಆಚೆ ಹೊಳೆದಂಡೆಯಲ್ಲಿರುವ ಹೆಂಡತಿಯ, ಅಂದರೆ ನಮ್ಮ ವೈನಿಯ ತವರಿಗೆ ದನ ಬಿಡಿಸಿಕೊಂಡು ಬರಲು ಹೋದವನು ನೀರಿನಲ್ಲಿ ಕೊಚ್ಚಿಹೋದ. ಹೊಳೆ ಇಳಿದರೂ ಹೆಣ ಸಿಗಲಿಲ್ಲ. ಎಲ್ಲೋ ದಂಡೆ ಹತ್ತಿರಬೇಕು, ಬಂದೇ ಬರುತ್ತಾನೆ ಎಂದು ವೈನಿ ಬಳೆ ತೆಗೆಯಲಿಲ್ಲ. ಅಪ್ಪನ ತಮ್ಮ ಕಾಕಾನಿಗೆ ಅದೇ ಸಂಕಟ. ಸೂತಕ ಮುಗಿಯದೆ ತನ್ನ ಮಗಳ ಮದುವೆ ನಿಂತಿದೆ ಎಂದು ದಿನಾ ಗೊಣಗುತ್ತಿದ್ದ.

ಒಂದು ಮಧ್ಯಾಹ್ನ, ಅಣ್ಣ ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿಯಲ್ಲಿ ಏಡಿ ಕಂಡಿತು. ಅಂಗೈಯಗಲದ ಹೊಳೆ ಏಡಿ, ಮೈತುಂಬ ಹಸಿ ರಾಡಿ. ನಮ್ಮೂರಿಗೂ ಹೊಳೆಗೂ ಎಲ್ಲಿಂದೆಲ್ಲಿಯ ಮಾತು? ಕುಣಿಯೂ ಒಣಗಿತ್ತು.

ಹೊಳೆಸಾಲಿನವರ ನಂಬಿಕೆ ಒಂದಿದೆ. ಹೊಳೆ ನುಂಗಿದವನು ಒಮ್ಮೆ ಏಡಿಯಾಗಿ ಮನೆಗೆ ಬರುತ್ತಾನಂತೆ. ದಂಡೆಗೆ ಬಿಟ್ಟರೆ ಅದು ನೀರಿಗಿಳಿಯದೆ ಅವನ ಹೆಣ ಇರುವಲ್ಲಿಗೇ ಹೋಗುತ್ತದಂತೆ. ವೈನಿ ಅದನ್ನು ಕೇಳುತ್ತಲೇ ಬೆಳೆದವಳು. ಈಗ ಕಾಕಾ ಅದಕ್ಕೇ ಜೋತುಬಿದ್ದ.

"ಬಂದಾನ ನೋಡವಾ. ಇನ್ನರ ಬಳಿ ತಗಿ."

"ಬರೇ ಏಡಿ ಐತ್ರಿ ಅದು. ಹೊಳಿಗಿ ಬಿಡ್ತೇನಿ, ಹೆಂಗ ನೀರಿಗಿ ಇಳೀತದ ನೋಡಬರ್ರಿ," ಎಂದಳು ವೈನಿ.

ಕೊಡದಲ್ಲಿ ಹಾಕಿಕೊಂಡು ವೈನಿಯ ತವರಿನ ಹೊಳೆದಂಡೆಗೆ ಹೋದೆವು; ಕಾಕಾ ಸಲಿಕೆಯನ್ನೂ ಹಿಡಿದುಕೊಂಡ. ನೀರಿನ ಅಂಚಿನಲ್ಲೇ ಬಿಟ್ಟಳು. ಏಡಿ ಕಾಲು ತೋಯಿಸಿಕೊಂಡಿತು, ತಿರುಗಿತು. ಅಡ್ಡಡ್ಡ ನಡೆಯುತ್ತ ದಂಡೆ ಏರಿ ಜಾಲಿಕಂಟಿಯ ಬುಡದಲ್ಲಿ ಬಿಲ ತೋಡತೊಡಗಿತು. ಜಿಗುಟು ಮಣ್ಣು ಕಂಡರೆ ಏಡಿ ತೋಡುವುದು ಸಹಜ. ನಾನು ಅದನ್ನು ಗಟ್ಟಿಯಾಗಿ ಹೇಳುತ್ತಲೇ ಇದ್ದೆ, ಕಾಕಾ ಸಲಿಕೆ ಹಾಕಿದ. ಮೊದಲು ಅಂಗಿ ಕಂಡಿತು. ಅಂಗಿಯೊಳಗೆ ಅಣ್ಣನಿದ್ದ.

ಬಳೆಯನ್ನು ಅಲ್ಲೇ ಕಲ್ಲಿನ ಮೇಲೆ ಒಡೆದರು. ಮನೆ ಮುಟ್ಟುವವರೆಗೂ ತಡೆಯಲಿಲ್ಲ. ಆ ಸಿಟ್ಟು ನನಗಿನ್ನೂ ಆರಿಲ್ಲ. ಕಾಕಾನ ಮಗಳ ಮದುವೆಗೆ ನಾನು ಹೋಗಲಿಲ್ಲ.

ಕಾಕಾನೇ ಏಡಿ ತಂದು ಬಿಟ್ಟನೇ ಎಂದು ಅನುಮಾನಪಟ್ಟದ್ದೂ ಉಂಟು. ಇರಬಹುದು. ಆದರೆ ಅಣ್ಣ ಎಲ್ಲಿದ್ದಾನೆಂದು ಏಡಿಗೆ ಹೇಳಿಕೊಟ್ಟವರು ಯಾರು? ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ವೈನಿ ಆ ಕುಣಿಗೆ ಮಣ್ಣು ತುಂಬಿಸಿ, ನೆಲ ಸಾರಿಸಿಬಿಟ್ಟಳು. ಯಾಕೆಂದು ಕೇಳಿದೆ.

"ಅದು ಬರದಿದ್ರ, ಅವರು ಇನ್ನೂ ಬರಾವ್ರಿದ್ರು," ಎಂದಳು.